ಸಾಕ್ಷಿ ಒಪ್ಪಿದ ಗರಗಸ

ರಾಕ್ಷಸನ ಜೀವ ಅವನ ಮೈಯಲ್ಲಿರುವುದಿಲ್ಲ, ಎಲ್ಲೋ ದೂರದ ಗಿಳಿಯೊಂದರ ಕೊರಳಲ್ಲಿರುತ್ತದೆ ಎಂದು ಅಜ್ಜಿಯರು ಹೇಳುವುದನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಈ ಕಥೆಯ ಮಾವ ರಾಕ್ಷಸನೇನಲ್ಲ. ಐದಡಿ ಎತ್ತರದ, ಕಟ್ಟಿಸಿದ ಹಲ್ಲುಗಳನ್ನು ಊಟಕ್ಕೆ ಮಾತ್ರ ಹಾಕಿಕೊಳ್ಳುವ, ನಿವೃತ್ತ ಪೋಸ್ಟ್‌ಮ್ಯಾನ್. ಆದರೆ ಅವರ ಜೀವವೂ ಅವರ ಮೈಯಲ್ಲಿರಲಿಲ್ಲ. ಮನೆಯಿಂದ ಎರಡು ಬೀದಿ ಆಚೆ, ಬೇಕರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಒಂದು ಮೇಜುಗರಗಸದ ಮೋಟರಿನಲ್ಲಿತ್ತು. ಒಂದು ಮಂಗಳವಾರ ಮಧ್ಯಾಹ್ನ ಆ ಮೋಟರು ಮೂರು ಸಲ ಕೆಮ್ಮಿ, ಒಂದು ಸಲ ನಿಟ್ಟುಸಿರಿಟ್ಟು, ಸುಟ್ಟ ರಬ್ಬರಿನ ವಾಸನೆಯನ್ನಷ್ಟೇ ಉಳಿಸಿ ಹೊರಟುಹೋಯಿತು. ಮಾವ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದರು. ಮನೆಗೆ ಬಂದು ಕುಳಿತರು.

ಕುಳಿತೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಲವತ್ತು ವರ್ಷ ಮರ ಕೊಯ್ದ ಕೈಗಳು ಸುಮ್ಮನಿರಿ ಎಂದರೆ ಇರುತ್ತವೆಯೇ? ಬುಧವಾರ ಸಂಜೆ ಸೊಸೆ ಕ್ಲಿನಿಕ್ಕಿನಿಂದ ಬಂದಾಗ ಅತ್ತೆ ಹೊಸ್ತಿಲಲ್ಲೇ ನಿಂತು, "ಇವತ್ತು ಅಡುಗೆಮನೆ ಡ್ರಾಯರು" ಎಂದರು. ಗುರುವಾರ, "ಇವತ್ತು ಚಪ್ಪಲಿ ಸ್ಟ್ಯಾಂಡು." ಶುಕ್ರವಾರ ಏನೂ ಹೇಳದೆ ಬರೀ ಕೈ ತೋರಿಸಿದರು. ನಡುಮನೆಯಲ್ಲಿ ಊಟದ ಮೇಜು ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಅಂಗಾತ ಮಲಗಿತ್ತು; ಮಾವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಕಾಲನ್ನು ತಿರುಪಿ ತೆಗೆಯುತ್ತಿದ್ದರು. ಸಡಿಲ ಆಗಿದೆ ಎಂದರು, ತಲೆ ಎತ್ತದೆ. ಸಡಿಲವೇನೂ ಆಗಿರಲಿಲ್ಲ. ಆ ಮನೆಯ ಮರದ ಸಾಮಾನೆಲ್ಲ ಅವರೇ ಮಾಡಿದ್ದು. ತಾವೇ ಮಾಡಿದ್ದನ್ನು ತಾವೇ ಬಿಚ್ಚುತ್ತಿದ್ದರು, ಬಿಚ್ಚಿದ್ದನ್ನು ಜೋಡಿಸುವ ಗೊಡವೆಗೆ ಮಾತ್ರ ಹೋಗುತ್ತಿರಲಿಲ್ಲ. ರೈಲು ಓಡಿಸುವ ಗಂಡ ಫೋನಿನಲ್ಲಿ, ಅಪ್ಪ ಎರಡು ದಿನದಲ್ಲಿ ಸರಿಹೋಗುತ್ತಾರೆ ಬಿಡು ಎಂದ. ಅವನು ಮಾತಾಡುತ್ತಿದ್ದ ಸ್ಟೇಷನ್ನಿನಲ್ಲಿ ಎಲ್ಲ ಮೇಜುಗಳೂ ಕಾಲಿನ ಮೇಲೇ ನಿಂತಿದ್ದವಲ್ಲ, ಅವನಿಗೇನು.

ಸೊಸೆಗೆ ಬಿಚ್ಚಿದ ಮೇಜಿಗಿಂತ ಬೇರೊಂದು ಚಿಂತೆ. ನಿವೃತ್ತರಾದ ಮೇಲೂ ಮಾವ ದಿನಾ ಹನ್ನೊಂದು ಗಂಟೆಗೆ ಕಿಟಕಿಯ ಬಳಿ ನಿಂತು, ಈಗಿನ ಪೋಸ್ಟ್‌ಮ್ಯಾನ್ ಬೀದಿಯನ್ನು ತಪ್ಪು ತುದಿಯಿಂದ ಶುರುಮಾಡುತ್ತಾನೆಂದು ಬೈಯುತ್ತಿದ್ದರು. ಆ ವಾರ ಅವನು ತಪ್ಪು ತುದಿಯಿಂದಲೇ ಬಂದ, ತಪ್ಪು ತುದಿಯಿಂದಲೇ ಹೋದ. ಮಾವ ತುಟಿ ಬಿಚ್ಚಲಿಲ್ಲ. ಬೈಗುಳ ನಿಂತ ಮನುಷ್ಯನನ್ನು ಕಂಡು ಸೊಸೆಗೆ, ಹೇಗಾದರೂ ಮಾಡಿ ಇವರನ್ನು ಮತ್ತೆ ಆ ಶೆಡ್ಡಿಗೆ ಕಳಿಸಬೇಕು, ಇಲ್ಲದಿದ್ದರೆ ಮನೆ ಮಾತ್ರವಲ್ಲ, ಇವರೂ ಒಂದೊಂದೇ ತಿರುಪು ಸಡಿಲವಾಗಿ ಬಿಚ್ಚಿಕೊಂಡುಬಿಡುತ್ತಾರೆ ಅನ್ನಿಸಿತು.

ಶೆಡ್ಡು ಒಂದು ಹವ್ಯಾಸಿ ನಾಟಕ ತಂಡದ್ದು. ಹಗಲು ಬೇರೆ ಬೇರೆ ಕೆಲಸ ಮಾಡುವವರು ಸಂಜೆಗೂ ರಜಕ್ಕೂ ಅಲ್ಲಿ ಸೇರಿ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಗೋಡೆ ಮಾಡುತ್ತಿದ್ದರು, ಗೋಡೆಗಳನ್ನು ಸೇರಿಸಿ ಅರಮನೆ ಮಾಡುತ್ತಿದ್ದರು. ಆ ಗೋಡೆಗಳನ್ನೆಲ್ಲ ಕೊಯ್ದು ಕೊಟ್ಟ ಗರಗಸವನ್ನು ಮಾವ ಪ್ರಾಯದಲ್ಲಿ ತಾವೇ ಕಟ್ಟಿದ್ದರು: ಹಿಟ್ಟಿನ ಗಿರಣಿಯ ಮೋಟರು, ಆಸ್ಪತ್ರೆಯಿಂದ ಹೊರಹಾಕಿದ ಕಬ್ಬಿಣದ ಮಂಚ, ಮಂಚದ ಹೊಟ್ಟೆಯಿಂದ ಮೇಲೆದ್ದ ಹಲ್ಲಿನ ಚಕ್ರ. ಸದಾ ಗೊಣಗುತ್ತಿದ್ದುದರಿಂದ ಎಲ್ಲರೂ ಅದನ್ನು ದೊಡ್ಡಮ್ಮ ಅನ್ನುತ್ತಿದ್ದರು. ಮಾವನನ್ನು ಮೇಸ್ತ್ರಿ ಅನ್ನುತ್ತಿದ್ದರು. ಸೊಸೆ ಮದುವೆಯಾಗಿ ಬಂದ ವರ್ಷವೇ ಅಲ್ಲಿಗೆ ಸೇರಿದಳು. ಹಲ್ಲಿನ ಡಾಕ್ಟರಾದ್ದರಿಂದ ಕೀಳುವ ಕೆಲಸ ಬರುತ್ತದೆಂದು ಹಳೆಯ ಹಲಗೆಗಳ ಮೊಳೆ ಕೀಳಲು ಕೂರಿಸಿದ್ದರು.

ಶೆಡ್ಡಿಗೆ ಎರಡು ಕಟ್ಟಳೆ ಇದ್ದವು. ಒಂದು, ದೊಡ್ಡಮ್ಮನ ಪಟ್ಟಿಯನ್ನು ಮೇಸ್ತ್ರಿಯಲ್ಲದೆ ಯಾರೂ ಮುಟ್ಟಕೂಡದು. ಪಟ್ಟಿ ಎಂದರೆ ಮರವನ್ನು ಅಡ್ಡಲಾಗಿ ಕೊಯ್ಯುವಾಗ ಒರಗಿಸಿಕೊಂಡು ತಳ್ಳುವ ಕಬ್ಬಿಣದ ತುಂಡು. ಅದು ಹೇಗೆ ನಿಂತಿದೆಯೋ ಮರದ ತುದಿಯೂ ಹಾಗೇ ಬರುತ್ತದೆ. ಹೊಸಬರು ಬಂದಾಗಲೆಲ್ಲ ಮಾವ ತಮ್ಮ ಎಡಗೈಯ ಕಿರುಬೆರಳನ್ನು ಎತ್ತಿ ತೋರಿಸುತ್ತಿದ್ದರು. ಅದು ಅರ್ಧವೇ ಇತ್ತು. "ಪಟ್ಟಿ ಮುಟ್ಟಿದ್ದಕ್ಕೆ ದೊಡ್ಡಮ್ಮ ಇಟ್ಕೊಂಡ ಬಾಕಿ ಇದು" ಎನ್ನುತ್ತಿದ್ದರು. ಹೊಸಬರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಎರಡನೆಯ ಕಟ್ಟಳೆ ಸಾಕ್ಷಿ. ದೊಡ್ಡಮ್ಮ ಕೊಯ್ದ ಮೊಟ್ಟಮೊದಲ ಗೋಡೆ, ಬಾಗಿಲ ಚೌಕಟ್ಟಿನ ಸಮೇತ, ಶೆಡ್ಡಿನ ಹಿಂಬದಿಯಲ್ಲಿ ನಿಂತಿತ್ತು. ಹೊಸದಾಗಿ ಏನೇ ಕೊಯ್ದರೂ ಅದಕ್ಕೆ ಹಿಡಿದು ನೋಡಬೇಕು. ಸಾಕ್ಷಿ ಒಪ್ಪಿದರೆ ಆಯಿತು; ಅಳತೆಗೋಲು, ಮೂಲೆ ನೆಟ್ಟಗಿದೆಯೇ ಎಂದು ನೋಡುವ ಮೂಲೆಮಟ್ಟ ಎಂಬ ಸಾಮಾನುಗಳನ್ನು ಆ ಶೆಡ್ಡು ಕಂಡಿದ್ದೇ ಇಲ್ಲ.

ದೊಡ್ಡಮ್ಮ ಹೋದದ್ದು ಸರಿಯಾಗಿ ನಾಟಕದ ಬಾಗಿಲನ್ನು ಕೊಯ್ಯುತ್ತಿದ್ದಾಗ. ಹೊಸ ನಾಟಕದಲ್ಲಿ ಇದ್ದದ್ದು ಒಂದೇ ಕೋಣೆ, ಒಂದೇ ಬಾಗಿಲು, ಹದಿನಾಲ್ಕು ಸಲ ಅದು ಮುಚ್ಚಬೇಕು. ನಗುವೆಲ್ಲ ಆ ಮುಚ್ಚುವುದರಲ್ಲೇ ಇತ್ತು. ಪ್ರದರ್ಶನಕ್ಕೆ ಎರಡು ವಾರ. ಹಿಂದೊಮ್ಮೆ ಅಲ್ಲಿ ಪಾತ್ರ ಮಾಡಿ ಆಮೇಲೆ ಸಾಹುಕಾರರಾದವರೊಬ್ಬರು, ನೀವು ಯಾವುದನ್ನು ಆರಿಸಿದರೂ ಸರಿ, ಒಂದು ಹೊಸ ಗರಗಸ ನನ್ನ ಕಡೆಯಿಂದ ಎಂದರು. ಯಂತ್ರದಂಗಡಿಯವನು ಮೂರು ಗರಗಸಗಳನ್ನು ಒಂದೊಂದಾಗಿ ತಂದಿಡುತ್ತೇನೆ, ಕೊಯ್ದು ನೋಡಿ, ಮುಂದಿನ ಶನಿವಾರ ಸಂಜೆಯೊಳಗೆ ಒಂದನ್ನು ಉಳಿಸಿಕೊಳ್ಳಿ ಎಂದ. ಆರಿಸುವವರು ಯಾರು ಎಂಬ ಮಾತು ಬಂತು. ತಂಡದ ಕಾರ್ಯದರ್ಶಿ, ಶಾಲೆಯಲ್ಲಿ ರೇಖಾಗಣಿತ ಕಲಿಸುವ ಲೆಕ್ಕದ ಟೀಚರು, ಗರಗಸವೆಂದರೆ ಮುಖ್ಯವಾಗಿ ಹಲ್ಲು ಎಂದು ಪ್ರಮೇಯ ಮಂಡಿಸಿದರು. ಬ್ಯಾಂಕಿನ ಗುಮಾಸ್ತನಾಗಿದ್ದು ಮೂವತ್ತು ವರ್ಷ ರಾಜನ ಪಾತ್ರವನ್ನೇ ಮಾಡಿ ಮಹಾರಾಜ ಎಂದೇ ಹೆಸರಾದವನು, ಹಲ್ಲೆಂದರೆ ನಮ್ಮ ಡಾಕ್ಟರೇ ಎಂದು ಕೈಯೆತ್ತಿದ. ಸೊಸೆ ಒಪ್ಪಿಕೊಂಡಳು. ಗರಗಸದ ಮೇಲಿನ ಆಸೆಗಲ್ಲ. ಮಾವನಿಗೆ ಹಿಡಿಸುವಂಥದ್ದನ್ನು ತಂದರೆ ಮಾವ ಎದ್ದು ಬಂದಾರು ಎಂದು.

ಮನೆಗೆ ಬಂದು ಹೇಳಿದಾಗ ಮಾವ ಮೇಜಿನ ಕಾಲೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನೀವೂ ಬಂದು ಒಂದು ಮಾತು ಹೇಳಿ ಎಂದು ಅವಳು ಬೇಡಿಕೊಂಡಳು. ತಮಗೆ ಕಣ್ಣು ಮಂಜು ಎಂದರು, ಮಂಡಿ ನೋವು ಎಂದರು, ಈಗಿನ ಮಿಷನ್ನುಗಳು ಅರ್ಥವಾಗುವುದಿಲ್ಲ ಎಂದರು. ಕೊನೆಗೆ, "ನೀನೇ ನೋಡ್ಕೋಮ್ಮ. ನನ್ನ ಆ ಕಡೆ ಕರೀಬೇಡ" ಎಂದು ಕಾಲನ್ನು ಗೋಡೆಗೆ ಒರಗಿಸಿದರು. ಅವಳು ಅಂಗಡಿಯವನು ಕೊಟ್ಟ ಕಾಗದಗಳನ್ನು, ಮೂರೂ ಗರಗಸಗಳ ಬಣ್ಣದ ಪತ್ರಿಕೆಗಳನ್ನು, ನೋಡಿದರೆ ನೋಡಲಿ ಎಂದು ಅವರ ಮಂಚದ ಮೇಲೆ ಬಿಟ್ಟಳು.

ಮೊದಲು ಬಂದದ್ದು ಹಳದಿ ಗರಗಸ. ಆನೆಮರಿಯಷ್ಟಿತ್ತು. ಮಾಂಸ ತಗುಲಿದರೆ ಸಾಕು, ಕಣ್ಣು ಮಿಟುಕಿಸುವುದರಲ್ಲಿ ಹಲ್ಲಿನ ಚಕ್ರ ನಿಂತು ಒಳಗೆ ಇಳಿದುಹೋಗುತ್ತದಂತೆ. ಅಂಗಡಿಯವನು ಒಂದು ಬಾಳೆಹಣ್ಣನ್ನು ಬೆರಳೆಂದು ತಿಳಿದುಕೊಳ್ಳಿ ಎಂದು ಹೇಳಿ ತಿರುಗುವ ಹಲ್ಲಿನ ಮೇಲಿಟ್ಟ. ಠಪ್ ಎಂಬ ಸದ್ದಿಗೆ ಎಲ್ಲರೂ ಎದೆ ಹಿಡಿದುಕೊಂಡರು. ಚಕ್ರ ಮಾಯ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಉಗುರು ಗೀರಿದಂಥ ಗುರುತು. ಇನ್ನೊಂದು ಸಲ ಎಂದು ಮಹಾರಾಜ ಕೇಳಿದ; ಒಂದು ಸಲ ಹೀಗಾದರೆ ಒಳಗಿನ ತುಂಡನ್ನೇ ಬದಲಿಸಬೇಕೆಂದು ಅಂಗಡಿಯವನು ಬೆವರೊರೆಸಿಕೊಂಡ. ಬಾಳೆಹಣ್ಣನ್ನು ಮಹಾರಾಜ ತಿಂದ. ಲೆಕ್ಕದ ಟೀಚರಿಗಂತೂ ಕಣ್ಣಂಚು ಒದ್ದೆಯಾಯಿತು. ಇದೊಂದು ಆಗಲೇ ಇದ್ದಿದ್ದರೆ ಮೇಸ್ತ್ರಿಯವರ ಬೆರಳು ಉಳಿಯುತ್ತಿತ್ತು ಎಂದರು.

ಆ ತುಂಡನ್ನು ಬದಲಿಸಿದ ಮೇಲೆ ಹಳದಿ ಗರಗಸದಲ್ಲಿ ಬಾಗಿಲು ಕೊಯ್ದರು. ಬೆಣ್ಣೆಯಲ್ಲಿ ನೂಲು ಎಳೆದಂತೆ ಕೊಯ್ಯಿತು. ಹಲಗೆಗಳನ್ನು ಸೇರಿಸಿ, ನಾಲ್ಕು ಜನ ಹೊತ್ತುಕೊಂಡು ಹೋಗಿ ಸಾಕ್ಷಿಯ ಚೌಕಟ್ಟಿಗಿಟ್ಟರೆ, ಬಾಗಿಲು ಒಳಗೆ ಹೋಗಲಿಲ್ಲ. ಮೇಲಿನ ಮೂಲೆ ಚೌಕಟ್ಟಿಗೆ ತಗುಲಿ ನಿಂತಿತು. ಇತ್ತ ಪಕ್ಕದಲ್ಲಿ ಮೂರು ಬೆರಳು ತೂರುವಷ್ಟು ಸಂದು. ತಳ್ಳಿದರು, ಬಡಿದರು, ಮಹಾರಾಜ ಭುಜ ಕೊಟ್ಟ. ಇಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡು ಗರಗಸದ ಕಡೆ ತಿರುಗಿದರು. ಇಷ್ಟು ದೊಡ್ಡ ಮಿಷನ್ನು, ಒಂದು ಬಾಗಿಲು ನೆಟ್ಟಗೆ ಕೊಯ್ಯಲು ಬಾರದಲ್ಲ ಎಂದು ಮರುಕಪಟ್ಟರು. ವಾಪಸು.

ಎರಡನೆಯದು ಮಡಚಿ ಚಕ್ರದ ಮೇಲೆ ಎಳೆದುಕೊಂಡು ಹೋಗುವಂಥದ್ದು, ಮಕ್ಕಳ ತಳ್ಳುಗಾಡಿಯಂತೆ ಮುದ್ದಾಗಿತ್ತು. ಸೊಸೆ ಅದರ ಹಲ್ಲುಗಳನ್ನು ಎಣಿಸಿದಳು, ಬೆರಳಿನಿಂದ ಸವರಿದಳು, ಕ್ಲಿನಿಕ್ಕಿನ ಪುಟ್ಟ ಕನ್ನಡಿಯನ್ನು ತಂದು ಹಿಂಬದಿಯನ್ನೂ ನೋಡಿದಳು. ಒಂದೂ ಹುಳುಕಿಲ್ಲ. ಬಾಗಿಲು ಕೊಯ್ದರು. ಅದೇ ಮೂಲೆ, ಅದೇ ಮೂರು ಬೆರಳು. ವಾಪಸು.

ಮೂರನೆಯದು ಬೂದು ಬಣ್ಣದ್ದು, ಭಾರದ್ದು, ಹೇಳಿಕೊಳ್ಳಲು ಏನೂ ಇಲ್ಲದ್ದು. ಕಥೆಗಳಲ್ಲಿ ಇಬ್ಬರು ಅಣ್ಣಂದಿರು ಸೋತ ಮೇಲೆ ಯಾರೂ ಲೆಕ್ಕಕ್ಕಿಡದ ಕಿರಿಯವನು ಗೆಲ್ಲುತ್ತಾನೆಂದು ಸೊಸೆಗೆ ಒಳಗೊಳಗೇ ನಂಬಿಕೆ. ಕಿರಿಯವನೂ ಸೋತ. ಬುಧವಾರ ಸಂಜೆಯ ಹೊತ್ತಿಗೆ ಸಾಕ್ಷಿಯ ಪಕ್ಕದಲ್ಲಿ ಒಂದೇ ರೀತಿಯಲ್ಲಿ ಕೆಟ್ಟುಹೋದ ಮೂರು ಬಾಗಿಲುಗಳು ಒರಗಿ ನಿಂತಿದ್ದವು.

ಅಂಗಡಿಯವನಿಗೆ ರೇಗಿತು. ಮೂರೂ ಗರಗಸಗಳನ್ನು ಮತ್ತೆ ವ್ಯಾನಿನಲ್ಲಿ ಹೇರಿಕೊಂಡು ಬಂದು ಇಳಿಸಿದ. ಮಿನುಗುವ ಉಕ್ಕಿನ ಮೂಲೆಮಟ್ಟವೊಂದನ್ನು ಜೇಬಿನಿಂದ ತೆಗೆದು ಮೂರೂ ಬಾಗಿಲುಗಳ ಮೂಲೆ ಮೂಲೆಗೂ ಹಿಡಿದು, ಕೂದಲೆಳೆಯೂ ಹೋಗುವುದಿಲ್ಲ ನೋಡಿ ಎಂದ. ಮಹಾರಾಜ ಬಗ್ಗಿ ನೋಡಿದ, ಗಡ್ಡ ನೀವಿಕೊಂಡ.

"ಈ ಮೂಲೆಮಟ್ಟ ಎಲ್ಲೀದು?"

"ನಮ್ಮ ಅಂಗಡೀದೇ."

"ಮತ್ತೆ? ಅದು ನಿಮ್ಮ ಗರಗಸದ ಪರವಾಗೇ ಮಾತಾಡತ್ತೆ. ಸಾಕ್ಷಿ ನೋಡಿ, ನಲವತ್ತು ವರ್ಷದಿಂದ ಇಲ್ಲೇ ಇದೆ, ಯಾರ ಪರಾನೂ ಇಲ್ಲ."

ಅಂಗಡಿಯವನು ಲೆಕ್ಕದ ಟೀಚರ ಕಡೆ ತಿರುಗಿ, ತಾಯೀ ನೀವಾದರೂ ಹೇಳಿ ಎಂದು ಕೈಮುಗಿದ. ಟೀಚರು ಮೂಲೆಮಟ್ಟವನ್ನೊಮ್ಮೆ, ಸಾಕ್ಷಿಯನ್ನೊಮ್ಮೆ ನೋಡಿ, ತಾವು ಕಲಿಸುವುದು ಕಪ್ಪುಹಲಗೆಯ ಮೇಲಿನ ಮೂಲೆ, ಮರದ ಮೂಲೆಯ ವಿಚಾರ ಮೇಸ್ತ್ರಿಯವರಿಗೇ ಗೊತ್ತು ಎಂದು ಜಾರಿಕೊಂಡರು. ಶನಿವಾರ ಸಂಜೆ ಐದಕ್ಕೆ ಬರುತ್ತೇನೆ, ಒಂದನ್ನು ಒಪ್ಪದಿದ್ದರೆ ಮೂರನ್ನೂ ಒಯ್ಯುತ್ತೇನೆ ಎಂದು ಅವನು ವ್ಯಾನಿನ ಬಾಗಿಲನ್ನು ದಡ್ಡನೆ ಹಾಕಿದ. ಅದೊಂದು ಬಾಗಿಲು ಚೆನ್ನಾಗಿ ಮುಚ್ಚಿತು.

ಶುಕ್ರವಾರ ಕ್ಲಿನಿಕ್ಕಿಗೆ ಒಬ್ಬ ಬಸ್ ಕಂಡಕ್ಟರು ಬಂದ. ಎರಡು ದಿನದ ಹಿಂದಷ್ಟೇ ಸೊಸೆ ಅವನಿಗೊಂದು ಹೊಸ ದವಡೆಹಲ್ಲು ಕೂರಿಸಿದ್ದಳು. ಅವಳು ಮಾಡಿದ ಹಲ್ಲುಗಳಲ್ಲೇ ಅಂದವಾದದ್ದು ಅದು.

"ಹಲ್ಲು ತುಂಬಾ ಚೆನ್ನಾಗಿದೆ ಡಾಕ್ಟ್ರೇ" ಎಂದ ಕಂಡಕ್ಟರು. "ಬಾಯಿ ಮುಚ್ಚಕ್ಕೆ ಆಗ್ತಿಲ್ಲ, ಅಷ್ಟೇ."

ಅವಳು ನೀಲಿ ಕಾಗದದ ಚೂರೊಂದನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಲು ಹೇಳಿದಳು. ಎಲ್ಲಿ ಒತ್ತುತ್ತದೋ ಅಲ್ಲಿ ನೀಲಿ ಅಂಟುವ ಕಾಗದ ಅದು. ಹೊಸ ಹಲ್ಲಿನ ಒಂದೇ ಒಂದು ಮೂಲೆಗೆ ನೀಲಿ ಹತ್ತಿತ್ತು. ಹಲ್ಲಿನಲ್ಲಿ ಎಳ್ಳಷ್ಟೂ ದೋಷವಿಲ್ಲ. ಅವನ ಬಾಯಿ ಹುಟ್ಟಿದಾಗಿನಿಂದ ಓರೆ; ಮೇಲಿನ ಸಾಲು ಎಡಕ್ಕೆ, ಕೆಳಗಿನ ಸಾಲೂ ಅದಕ್ಕೆ ತಕ್ಕಂತೆ ಎಡಕ್ಕೆ, ಐವತ್ತು ವರ್ಷ ಅಚ್ಚುಕಟ್ಟಾಗಿ ಅಗಿದುಕೊಂಡು ಬಂದಿದ್ದವು. ನಡುವೆ ನೆಟ್ಟಗಿನದೊಂದು ಬಂದು ನಿಂತು ಸಂಸಾರ ಕೆಡಿಸಿತ್ತು. ಅವಳು ಅರೆಯುವ ಉಪಕರಣ ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು. ಕಂಡಕ್ಟರು ಬಾಯಿ ತೆರೆದುಕೊಂಡೇ ಸುಮಾರು ಹೊತ್ತು ಕಾದ.

ಹಲ್ಲನ್ನು ಓರೆಗೆ ಒಗ್ಗಿಸಿ ಅವನನ್ನು ಕಳಿಸಿದ ಕೂಡಲೇ ಅವಳು ಶೆಡ್ಡಿಗೆ ನಡೆದಳು. ಯಾರೂ ಇರಲಿಲ್ಲ. ಹಲ್ಲಿನ ಸಂದು ಉಜ್ಜುವ ದಾರದ ತುದಿಗೆ ಒಂದು ಕಬ್ಬಿಣದ ನಟ್ಟು ಕಟ್ಟಿ, ಸಾಕ್ಷಿಯ ನೆತ್ತಿಯಿಂದ ಇಳಿಬಿಟ್ಟಳು. ನಟ್ಟು ತೂಗಿ ತೂಗಿ ನಿಂತಿತು. ದಾರ ನೆಟ್ಟಗೆ ನೆಲ ನೋಡುತ್ತಿತ್ತು, ಸಾಕ್ಷಿ ನೋಡುತ್ತಿರಲಿಲ್ಲ. ಬುಡದಲ್ಲಿ ದಾರಕ್ಕೂ ಮರಕ್ಕೂ ನಡುವೆ ಸರಿಯಾಗಿ ಮೂರು ಬೆರಳು. ಪಕ್ಕದ ಗೋಡೆ ನೋಡಿದಳು, ಮೂರು ಬೆರಳು. ಅರಮನೆಯ ಗೋಡೆ, ಆಸ್ಪತ್ರೆಯ ಗೋಡೆ, ಸೆರೆಮನೆಯ ಗೋಡೆ, ಎಲ್ಲವೂ ಒಂದೇ ಕಡೆಗೆ ಮೂರು ಬೆರಳು ವಾಲಿದ್ದವು, ಒಂದೇ ಗಾಳಿಗೆ ಬಾಗಿದ ಪೈರಿನಂತೆ. ಪ್ರತಿಯೊಂದು ಗೋಡೆಯ ಬೆನ್ನಿಗೂ ಮೇಲಿನ ಎಡಮೂಲೆಯಲ್ಲಿ ಮಾವ ಹಳೆಯ ಅಂಚೆ ಮುದ್ರೆ ಒತ್ತಿದ್ದರು. ಅದು ಮೇಸ್ತ್ರಿಯ ರುಜು ಎಂದೇ ಎಲ್ಲರೂ ತಿಳಿದಿದ್ದರು. ಯಾರೂ ಗೋಡೆಯನ್ನು ಹಿಂದುಮುಂದಾಗಿ ನಿಲ್ಲಿಸಿ ಎದುರು ದಿಕ್ಕಿಗೆ ವಾಲಿಸದಿರಲಿ ಎಂದು ಒತ್ತಿದ್ದು ಅದು, ಎಂದು ಅವಳಿಗೆ ಈಗ ಹೊಳೆಯಿತು. ಒಂದೊಂದೇ ನೆನಪಾಗತೊಡಗಿತು. ಅವರ ರಂಗದ ಮೇಲೆ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ನಟರೆಲ್ಲ ಮಾತಾಡುವಾಗ ಒಂದು ಪಾದವನ್ನು ಬಾಗಿಲಿಗೆ ಕೊಟ್ಟೇ ನಿಲ್ಲುತ್ತಿದ್ದರು. ಒಮ್ಮೆ ಪತ್ರಿಕೆಯವನೊಬ್ಬ, ಕುಸಿಯಲು ಹೊರಟು ಕುಸಿಯದೆ ನಿಂತ ಬದುಕನ್ನು ಈ ರಂಗಸಜ್ಜಿಕೆ ಮಾರ್ಮಿಕವಾಗಿ ಹೇಳುತ್ತದೆ ಎಂದು ಬರೆದಿದ್ದ. ಆ ತುಂಡನ್ನು ಚೌಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕಿದ್ದರು. ಚೌಕಟ್ಟೂ ದೊಡ್ಡಮ್ಮ ಕೊಯ್ದದ್ದೇ.

ಅವಳು ಮರದ ಹೊಟ್ಟಿನ ರಾಶಿಯ ಮೇಲೆ ಕುಳಿತಳು. ನಗು ಬಂತು, ಬಂದ ನಗು ಅರ್ಧಕ್ಕೇ ನಿಂತಿತು. ಇದನ್ನು ಮಾವನಿಗೆ ಹೇಗೆ ಹೇಳುವುದು? ಮೋಟರು ಹೋದದ್ದಕ್ಕೇ ಹೀಗಾದವರು, ನಿಮ್ಮ ಗರಗಸ ನಲವತ್ತು ವರ್ಷವೂ ಓರೆಯಾಗಿ ಕೊಯ್ಯಿತು ಎಂದರೆ ಏನಾದಾರು? ಹೇಳದಿದ್ದರೆ ಬಾಗಿಲು ಮುಚ್ಚುವುದಿಲ್ಲ. ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡಳು.

ಮನೆಯ ಹೊಸ್ತಿಲಲ್ಲಿ ಅತ್ತೆ ಕಾದಿದ್ದರು. "ಇವತ್ತು ಬಚ್ಚಲ ಬಾಗಿಲು. ಸ್ನಾನಕ್ಕೆ ಹೋಗೋಳು ಜೋರಾಗಿ ಹಾಡ್ಕೊಂಡಿರು, ಒಳಗಿದೀಯ ಅಂತ ಗೊತ್ತಾಗ್ಲಿ."

ಮಾವ ಬಚ್ಚಲ ಮುಂದೆ ತಿರುಪುಳಿ ಹಿಡಿದು ಕುಳಿತಿದ್ದರು. ಪಕ್ಕದಲ್ಲಿ ದಿನಪತ್ರಿಕೆ ಬಿಡಿಸಿತ್ತು, ಅದರ ಅಡಿಯಿಂದ ಹಳದಿ ಗರಗಸದ ಚಿತ್ರ ಇಣುಕುತ್ತಿತ್ತು. ಓದಿ ಓದಿ ಮಡಿಕೆಗಳು ಸವೆದಿದ್ದವು. ಸೊಸೆ ಜೇಬಿನಿಂದ ದಾರ ತೆಗೆದು, ಮಾವನೇ ಮಾಡಿದ ಬಚ್ಚಲ ಚೌಕಟ್ಟಿನ ನೆತ್ತಿಯಿಂದ ಇಳಿಬಿಟ್ಟಳು. ನಟ್ಟು ತೂಗಿತು, ನಿಂತಿತು. ಇಬ್ಬರೂ ಬುಡದ ಸಂದನ್ನು ನೋಡಿದರು.

"ಯಾರಿಗೆ ಹೇಳಿದೀಯ?" ಎಂದರು ಮಾವ.

"ಯಾರಿಗೂ ಇಲ್ಲ. ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ಮೊದಲನೆಯ ತಿಂಗಳಿನಿಂದ ಗೊತ್ತಿತ್ತು. ಆಸ್ಪತ್ರೆಯ ಆ ಮಂಚ ಯಾವ ಭಾರಿ ರೋಗಿಯನ್ನು ಹೊತ್ತಿತ್ತೋ, ಅದರ ಕಬ್ಬಿಣ ಬಾಗಿತ್ತು. ಅದಕ್ಕೆ ಬೆಸೆದ ಪಟ್ಟಿಯೂ ಓರೆ ಕುಳಿತಿತ್ತು. ಮಾವ ಗಮನಿಸುವ ಹೊತ್ತಿಗೆ ಎರಡು ಗೋಡೆ ಕೊಯ್ದಾಗಿತ್ತು, ನಾಟಕಕ್ಕೆ ಮೂರು ದಿನ ಉಳಿದಿತ್ತು. ಸರಿಮಾಡಿದರೆ ಮೂರನೆಯ ಗೋಡೆ ಮೊದಲೆರಡಕ್ಕೆ ಸೇರುವುದಿಲ್ಲ. ಈ ಒಂದು ನಾಟಕಕ್ಕೆ ಹೀಗೇ ಇರಲಿ ಎಂದುಕೊಂಡರು. ಮುಂದಿನ ನಾಟಕಕ್ಕೆ ಹಳೆಯ ಮೂರು ಗೋಡೆಗಳು ಬೇಕಾದವು. ಆಮೇಲೆ ಹದಿನಾರು. ಆಮೇಲೆ ಎಣಿಕೆ ತಪ್ಪಿತು. ಬೆಸುಗೆ ಬಿಚ್ಚಿ, ತಿರುಗಿಸಬಲ್ಲ ಹೊಸ ಪಟ್ಟಿ ಹಾಕಿದ ಮೇಲೂ ಅದನ್ನು ಅಷ್ಟೇ ಓರೆಗೆ ಇಟ್ಟುಕೊಂಡು ಬಂದರು.

"ಅದಕ್ಕೇ ಯಾರನ್ನೂ ಪಟ್ಟಿ ಮುಟ್ಟಕ್ಕೆ ಬಿಡ್ತಿರಲಿಲ್ಲ" ಎಂದಳು ಸೊಸೆ. "ಮತ್ತೆ ಬೆರಳು? ದೊಡ್ಡಮ್ಮ ಇಟ್ಕೊಂಡ ಬಾಕಿ?"

ಮಾವ ತಿರುಪುಳಿಯನ್ನು ಪರೀಕ್ಷಿಸತೊಡಗಿದರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ನಾಯಿ."

ಪಾರ್ಸೆಲು ಕೊಡಲು ಹೋದಾಗ. ಬೆಕ್ಕಿನಷ್ಟೇ ಇದ್ದ ಬಿಳಿ ನಾಯಿ. ನಂಜಾಗಿ ಅರ್ಧ ಬೆರಳು ತೆಗೆಯಬೇಕಾಯಿತು. ದೊಡ್ಡಮ್ಮನಿಗೆ ಅದನ್ನು ಅಂಟಿಸಿದ್ದು ಆಮೇಲೆ, ಜನ ಹತ್ತಿರ ಬರದಿರಲಿ ಎಂದು.

"ಹೊಸ ಮಿಷನ್ನು ನೆಟ್ಟಗೆ ಕೊಯ್ಯತ್ತೆ" ಎಂದರು ಮಾವ. ದನಿ ಇಳಿದಿತ್ತು. "ನೆಟ್ಟಗೆ ಕೊಯ್ದ ದಿನ ಎಲ್ಲ ಬಯಲಾಗತ್ತೆ. ನಲವತ್ತು ವರ್ಷ ಮೇಸ್ತ್ರಿ ಮೇಸ್ತ್ರಿ ಅಂದ್ರು. ಅಳತೆ ತಪ್ಪಿದ ಪೋಸ್ಟ್‌ಮ್ಯಾನು ಅಂತ ಗೊತ್ತಾಗೋವಾಗ ನಾನು ಅಲ್ಲಿರೋದು ಬೇಡ ಅನ್ಕೊಂಡೆ."

ಸೊಸೆ ಅವರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು. ಕಂಡಕ್ಟರನ ಬಾಯಿಯ ಕಥೆ ಹೇಳಿದಳು, ಏನೂ ಬಿಡದೆ. "ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಹೊಂದಿಸೋದು ಅಂದ್ರೆ ಸುಮ್ನೆ ಅಲ್ಲ ಮಾವ. ಅದನ್ನ ನಂಗೆ ಐದು ವರ್ಷ ಕಾಲೇಜಲ್ಲಿ ಕಲಿಸಿದ್ರು. ನೀವು ಮಂಚದ ಮೇಲೆ ಕಲ್ತಿದೀರ."

ಮಾವ ಮೂಗೊರೆಸಿಕೊಂಡರು. ಪತ್ರಿಕೆಯಡಿಯಿಂದ ಬಣ್ಣದ ಕಾಗದಗಳನ್ನು ಮೆಲ್ಲನೆ ಎಳೆದರು. ಹಳದಿಯದೂ ಮಡಚುವುದೂ ಬೇಡ ಎಂದರು. ಅವುಗಳ ಪಟ್ಟಿಗೆ ಹಲ್ಲುಕಚ್ಚುಗಳಿರುತ್ತವೆ, ನೀನು ಚೂರು ಓರೆ ಇಟ್ಟರೂ ಸರಕ್ಕನೆ ಜಾರಿ ನೆಟ್ಟಗಾಗಿ ಕೂರುತ್ತದೆ, ಶಾಲೆಯ ಮಕ್ಕಳ ಹಾಗೆ. ಬೂದು ಬಣ್ಣದ್ದಕ್ಕೆ ಬರೀ ಒಂದು ತಿರುಪು. ಎಲ್ಲಿ ಬಿಗಿದರೆ ಅಲ್ಲಿ ನಿಲ್ಲುತ್ತದೆ. ಇಷ್ಟು ದಿನ ಹಲ್ಲುಗಳನ್ನೇ ಎಣಿಸುತ್ತಿದ್ದ ಸೊಸೆಗೆ ನಾಚಿಕೆಯಾಯಿತು.

ಶನಿವಾರ ನಾಲ್ಕಕ್ಕೆ ಎಲ್ಲರೂ ಸೇರಿದರು. ಬೂದು ಗರಗಸ ಇರಲಿ ಎಂದಳು ಸೊಸೆ. ಹಲ್ಲು ಚೆನ್ನಾಗಿದೆ, ಕಚ್ಚುವುದನ್ನು ಮೇಸ್ತ್ರಿ ಸರಿಮಾಡುತ್ತಾರೆ. ಆದರೆ ಲೆಕ್ಕದ ಟೀಚರು ಈ ಸಲ ಜಗ್ಗಲಿಲ್ಲ. ಮೂರೂ ಒಂದೇ ಥರ ಕೆಟ್ಟದಾಗಿ ಕೊಯ್ಯುವುದಾದರೆ, ಬೆರಳು ಉಳಿಸುವುದನ್ನೇ ತೆಗೆದುಕೊಳ್ಳಬೇಕು. ಮೇಸ್ತ್ರಿಯವರು ಕಳಕೊಂಡದ್ದು ಸಾಲದೇ ಎಂದರು. ಕೈ ಎತ್ತಿ ಎಂದರೆ ಎಲ್ಲರ ಕೈಯೂ ಹಳದಿ ಗರಗಸಕ್ಕೇ ಎದ್ದಿತು. ನಾಯಿಯ ವಿಷಯ ಸೊಸೆ ಹೇಳುವಂಥದ್ದಲ್ಲ.

"ಕೈ ಇಳಿಸಿ" ಎಂಬ ದನಿ ಬಾಗಿಲಿಂದ ಬಂತು. ಮಾವ ನಿಂತಿದ್ದರು. ಹಿಂದೆ ಅತ್ತೆ, ಇಬ್ಬರ ನಡುವೆ, ಬೇಕಾದರೆ ಪುರಾವೆಗಿರಲಿ ಎಂದು ತಂದ ಬಚ್ಚಲ ಬಾಗಿಲು, ಆಚೆ ತುದಿ ಅವರ ಕೈಯಲ್ಲಿ, ಈಚೆ ತುದಿ ಇವರ ಕೈಯಲ್ಲಿ.

ಮಾವ ಬಾಗಿಲನ್ನು ಗೋಡೆಗೆ ಒರಗಿಸಿ, ಅರ್ಧ ಬೆರಳನ್ನು ಎತ್ತಿದರು. ಹೊಸಬರಿಲ್ಲದಿದ್ದರೂ ಎಲ್ಲರೂ ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ದೊಡ್ಡಮ್ಮ ತಗೊಂಡಿಲ್ಲ. ನಾಯಿ ಕಚ್ಚಿದ್ದು. ಇಷ್ಟುದ್ದದ ನಾಯಿ."

ಮಹಾರಾಜ ಮುಂದೆ ಬಂದು ಮಾವನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. ಹೋದವಳ ಮೇಲೆ ಒಂದು ಕೆಟ್ಟ ಮಾತು ಬಾರದಿರಲಿ ಎಂದು ಇಂಥ ಸುಳ್ಳು ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕು ಎಂದ. ಎಲ್ಲರೂ ತಲೆದೂಗಿದರು. ಮಾವ ನಾಯಿಯ ಬಣ್ಣ ಹೇಳಿದರು, ಬೀದಿ ಹೇಳಿದರು, ಮನೆಯ ಸಂಖ್ಯೆ ಹೇಳಿದರು. ಹೇಳಿದಷ್ಟೂ ಅವರ ಮನಸ್ಸು ದೊಡ್ಡದಾಗುತ್ತಲೇ ಹೋಯಿತು.

ಕೊನೆಗೆ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ನು ಹಾಕಿಸಿದೀನಿ. ಪ್ರತಿ ಸಲನೂ ನಾನೇ ಕೈ ಹಿಡ್ಕೊಂಡಿದ್ದೆ. ಪ್ರತಿ ಸಲನೂ ಅತ್ತಿದಾರೆ. ಗರಗಸ ಕಚ್ಚಿದ್ದಕ್ಕೆ ಯಾರಾದ್ರೂ ಹೊಟ್ಟೆಗೆ ಇಂಜೆಕ್ಷನ್ ಹಾಕ್ತಾರಾ?"

ಹಾಕುವುದಿಲ್ಲ. ಹದಿನಾಲ್ಕು ಎಂಬ ಅಂಕಿ ಲೆಕ್ಕದ ಟೀಚರನ್ನು ಗೆದ್ದಿತು. ನಲವತ್ತು ವರ್ಷ ಒಂದೂ ಬೆರಳು ತಿನ್ನದ ಶೆಡ್ಡಿಗೆ, ಹಲ್ಲಿನ ಮೇಲೆ ಮುಚ್ಚಳವಿರುವ ಬೂದು ಗರಗಸವೇ ಸಾಕೆಂದಾಯಿತು.

ಮಾವ ಏಪ್ರನ್ನನ್ನು ಮೊಳೆಯಿಂದ ಇಳಿಸಿ ಕಟ್ಟಿಕೊಂಡರು. ಅಷ್ಟರಲ್ಲಿ ಬಂದಿದ್ದ ಅಂಗಡಿಯವನ ಮೂಲೆಮಟ್ಟವನ್ನು ಕೇಳಿ ತೆಗೆದುಕೊಂಡು, ಹಲ್ಲಿನ ಚಕ್ರಕ್ಕೆ ಆನಿಸಿ ಹಿಡಿದರು. ಬೂದು ಗರಗಸದ ಪಟ್ಟಿಯ ತಿರುಪು ಸಡಿಲಿಸಿದರು. ಮೂಲೆಮಟ್ಟಕ್ಕೂ ಪಟ್ಟಿಯ ತುದಿಗೂ ನಡುವೆ ಅರ್ಧ ಕಿರುಬೆರಳನ್ನು ತೂರಿಸಿ, ಪಟ್ಟಿಯನ್ನು ಅದಕ್ಕೆ ತಾಗುವಷ್ಟು ತಂದು, ತಿರುಪು ಬಿಗಿದರು. ನಲವತ್ತು ವರ್ಷದ ಅಳತೆಗೋಲು ಅದೇ ಎಂದು ಸೊಸೆಗೆ ಆಗ ತಿಳಿಯಿತು.

ಲೆಕ್ಕದ ಟೀಚರು ಹತ್ತಿರವೇ ನಿಂತಿದ್ದರು. ಪಟ್ಟಿಯನ್ನು ನೋಡಿದರು. ಮೂಲೆಮಟ್ಟ ನೋಡಿದರು. ತಿರುಗಿ ಸಾಕ್ಷಿಯನ್ನೂ, ಅದರ ಹಿಂದೆ ಸಾಲಾಗಿ ನಿಂತ ಅರಮನೆ ಆಸ್ಪತ್ರೆ ಸೆರೆಮನೆಗಳನ್ನೂ, ಬಚ್ಚಲ ಬಾಗಿಲನ್ನೂ ನೋಡಿದರು. ಬಾಯಿ ತೆರೆದರು. ಮಾವ ಉಸಿರು ಹಿಡಿದರು.

"ಸರಿಯಾಗಿದೆ" ಎಂದರು ಟೀಚರು. ಬಾಯಿ ಮುಚ್ಚಿದರು.

ನಾಲ್ಕನೆಯ ಬಾಗಿಲು ಕೊಯ್ದಾಯಿತು. ಹೊತ್ತುಕೊಂಡು ಹೋಗಿ ಸಾಕ್ಷಿಯ ಚೌಕಟ್ಟಿನಲ್ಲಿ ಕೀಲುಗಳಿಗೆ ಸಿಕ್ಕಿಸಿ ಕೈಬಿಟ್ಟರು. ಬಾಗಿಲು ಯಾರೂ ಮುಟ್ಟದೆ ನಿಧಾನವಾಗಿ ತಿರುಗಿ, ಹಳೆಯ ಮನೆಗೆ ಬಂದವರಂತೆ ಒಳಗೆ ಕುಳಿತು ತಪ್ ಎಂದಿತು. ಮಹಾರಾಜ ಚಪ್ಪಾಳೆ ತಟ್ಟಿದ. ಅಂಗಡಿಯವನು ತನ್ನ ಮೂಲೆಮಟ್ಟವನ್ನು ಎರಡೂ ಕಡೆ ತಿರುಗಿಸಿ ನೋಡುತ್ತಾ ವ್ಯಾನ್ ಹತ್ತಿದ. ಅದನ್ನು ಅವನು ಮತ್ತೆ ನಂಬಿದನೋ ಇಲ್ಲವೋ ಗೊತ್ತಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಮಾವ ಕಿಟಕಿಯಲ್ಲಿ ನಿಂತು ಪೋಸ್ಟ್‌ಮ್ಯಾನಿಗೆ ಬೈದರು, ಎರಡು ವಾರದ ಬಾಕಿ ಸೇರಿಸಿ. ಬೈದು ಶೆಡ್ಡಿಗೆ ಹೋದರು. ಸಂಜೆ ಸೊಸೆ ಬಂದಾಗ ಊಟದ ಮೇಜು ತನ್ನ ಕಾಲಿನ ಮೇಲೆ ತಾನು ನಿಂತಿತ್ತು, ಬಚ್ಚಲ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಈ ಮನೆಗೆ ಬಂದಾಗಿನಿಂದ ಅವಳಿಗೆ ಒಂದು ಅನುಮಾನವಿತ್ತು, ತಳಪಾಯ ಕುಸಿದಿರಬೇಕು, ಎಂಜಿನಿಯರನ್ನು ಕರೆಸಿ ತೋರಿಸಬೇಕು ಎಂದು. ಅದನ್ನು ಅಂದೇ ಕೈಬಿಟ್ಟಳು. ಊಟಕ್ಕೆ ಕುಳಿತಾಗ ಅತ್ತೆ ಮೇಜಿನ ಮೇಲೆ ಚಮಚವಿಟ್ಟರು. ಚಮಚ ಎಂದಿನಂತೆ ಎಡಕ್ಕೆ ಉರುಳಿತು. ಸೊಸೆ ಮಾತಾಡುತ್ತಲೇ, ಆ ಕಡೆ ನೋಡದೆ, ಕೈಯೊಡ್ಡಿ ಹಿಡಿದಳು.